ಅತಿಥಿಗೆ ಮರ್ಯಾದೆ, ಪ್ರಜೆಗೆ ಲಾಠಿ

ಪರದೇಶದ ದೊರೆಯೊಬ್ಬ ಊರಿಗೆ ಬರುತ್ತಾನೆಂದರೆ ಮೊದಲು ರಸ್ತೆಗೆ ಡಾಂಬರು ಬೀಳುತ್ತದೆ. ಆಮೇಲೆ ತಳ್ಳುಗಾಡಿಯವನನ್ನು ಎಬ್ಬಿಸುತ್ತಾರೆ. ಬೀದಿ ಬದಿಯ ಅಂಗಡಿಯವನಿಗೆ ಆ ದಿನ ಬಾಗಿಲು ತೆರೆಯಬೇಡವೆಂದು ಹುಕುಂ ಬರುತ್ತದೆ. ಶಾಲೆಯ ಮಕ್ಕಳ ಕೈಗೆ ಎರಡೆರಡು ಬಾವುಟ ಕೊಟ್ಟು ಬಿಸಿಲಿನಲ್ಲಿ ನಿಲ್ಲಿಸುತ್ತಾರೆ. ದೊರೆಯ ಕಾರು ಅರೆನಿಮಿಷದಲ್ಲಿ ಹಾದುಹೋಗುತ್ತದೆ. ಬಂದವನು ಯಾರು, ತನ್ನ ನಾಡಿನಲ್ಲಿ ಅವನು ಏನು ಮಾಡಿದ್ದಾನೆ, ಅವನನ್ನು ಕರೆದವರಿಗೆ ಇದರಿಂದ ಏನು ಲಾಭ ಎಂದು ಯಾರಾದರೂ ಕೇಳಿದರೆ, ಕೇಳಿದವನೇ ಊರಿನ ಮಾನ ಕಳೆದವನಾಗುತ್ತಾನೆ. ಇದು ಯಾವುದೋ ಒಂದು ದೇಶದ ಕಥೆಯಲ್ಲ. ಸರ್ಕಾರಗಳಿರುವೆಡೆಯಲ್ಲೆಲ್ಲ ನಡೆದು ಬಂದ ಸಂಪ್ರದಾಯ.

ಈ ಸಂಪ್ರದಾಯಕ್ಕೆ ಒಂದು ಊರು ತೆತ್ತ ಬೆಲೆಯನ್ನು ನಮ್ಮ ಓದುಗರ ಮುಂದಿಡಬೇಕೆಂದು ಈ ವಾರದ ಮಾತು. ಆ ಊರು ಪಶ್ಚಿಮ ಬರ್ಲಿನ್. ದಿನ 1967ನೆಯ ಇಸವಿ ಜೂನ್ 2. ಬಂದ ಅತಿಥಿ ಇರಾನಿನ ಷಾ ಮಹಮ್ಮದ್ ರಜಾ ಪಹ್ಲವಿ ಮತ್ತು ಅವರ ರಾಣಿ ಫರಾ ದೀಬಾ. ಊರನ್ನು ಆಳುತ್ತಿದ್ದುದು ಬಂಡವಾಳಗಾರರ ಪಕ್ಷವಲ್ಲ. ಕಾರ್ಮಿಕರ ಹೆಸರಿನಲ್ಲಿ ಹುಟ್ಟಿ ಬೆಳೆದ, ಯೂರೋಪಿನಲ್ಲೇ ಬಹು ಹಳೆಯದಾದ ಜರ್ಮನಿಯ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ. ನಮಗೆ ಈ ಸಂಗತಿ ಮುಖ್ಯವಾಗಿರುವುದು ಆದುದರಿಂದಲೇ.

ಅತಿಥಿ ಯಾರು?

ಷಾ ಸಿಂಹಾಸನದ ಕಥೆ ಎಣ್ಣೆಯ ಕಥೆ. ಇರಾನಿನ ನೆಲದಡಿಯ ಎಣ್ಣೆಯನ್ನು ಆಂಗ್ಲೋ-ಇರಾನಿಯನ್ ಆಯಿಲ್ ಕಂಪೆನಿ ದಶಕಗಳ ಕಾಲ ತೆಗೆದು ಮಾರಿತು. ಕಂಪೆನಿಯ ಅರ್ಧಕ್ಕೂ ಹೆಚ್ಚು ಷೇರು ಬ್ರಿಟಿಷ್ ಸರ್ಕಾರದ್ದೇ ಆಗಿದ್ದಿತು. ಎಣ್ಣೆಯ ಒಡೆಯನಾದ ಇರಾನಿಗೆ ಸಿಕ್ಕಿದ ಪಾಲಿಗಿಂತ, ಅದೇ ಕಂಪೆನಿಯಿಂದ ಲಂಡನ್ನಿನ ಖಜಾನೆಗೆ ತೆರಿಗೆಯಾಗಿ ಸಂದುದೇ ಹೆಚ್ಚು. ಅಬಾದಾನಿನಲ್ಲಿ ಕಂಪೆನಿ ಕಟ್ಟಿದ ಶುದ್ಧೀಕರಣ ಕಾರ್ಖಾನೆ ಆಗ ಜಗತ್ತಿನಲ್ಲೇ ದೊಡ್ಡದು. ಅಲ್ಲಿ ನಮ್ಮ ದೇಶದಿಂದ ಹೋದ ಕೆಲಸಗಾರರೂ ದುಡಿದರು. ಸಾಹೇಬರ ಬಂಗಲೆಗಳಿಗೆ ಹುಲ್ಲುಹಾಸು, ಕೂಲಿಯವರಿಗೆ ಕೊಳೆಗೇರಿ, ಇದು ಅಲ್ಲಿಯ ವ್ಯವಸ್ಥೆ. 1946ರಲ್ಲಿ ಅಬಾದಾನಿನ ಕಾರ್ಮಿಕರು ಮುಷ್ಕರ ಹೂಡಿದರು. ಗಿರಣಿಯ ಬಾಗಿಲಲ್ಲಿ ನಿಂತು ಅನುಭವವಿರುವ ನಮ್ಮ ಬಾಂಧವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ.

1951ರಲ್ಲಿ ಇರಾನಿನ ಪಾರ್ಲಿಮೆಂಟು ಈ ಎಣ್ಣೆಯನ್ನು ರಾಷ್ಟ್ರೀಕರಣ ಮಾಡಿತು. ಅದರ ಮುಂದಾಳು ಮಹಮ್ಮದ್ ಮೊಸಾದೆಕ್ ಪ್ರಧಾನಿಯಾದರು. ನಮ್ಮ ಎಣ್ಣೆ ನಮ್ಮದು ಎಂದುದೇ ಅವರ ಅಪರಾಧ. ಬ್ರಿಟಿಷರು ಇರಾನಿನ ಎಣ್ಣೆಯನ್ನು ಯಾರೂ ಕೊಳ್ಳದಂತೆ ತಡೆದರು. ಅದರಿಂದಲೂ ಮೊಸಾದೆಕ್ ಬಗ್ಗಲಿಲ್ಲ. ಆಗ 1953ರ ಆಗಸ್ಟ್ 19ರಂದು ಅಮೆರಿಕ ಮತ್ತು ಬ್ರಿಟನ್ನಿನ ಗೂಢಚಾರ ಇಲಾಖೆಗಳು ಸೇರಿ ಸೈನ್ಯದ ಮೂಲಕ ಅವರನ್ನು ಉರುಳಿಸಿದುವು. ಇದು ಎಡಪಂಥೀಯರ ಕಟ್ಟುಕಥೆ ಎಂದು ಬಹುಕಾಲ ಹೇಳುತ್ತಿದ್ದರು. ಅಮೆರಿಕದ ಸಿ.ಐ.ಎ. ತನ್ನ ಪಾತ್ರವನ್ನು ತನ್ನದೇ ಕಾಗದಪತ್ರಗಳಲ್ಲಿ 2013ರಲ್ಲಿ ಒಪ್ಪಿಕೊಂಡಿದೆ. ದೇಶ ಬಿಟ್ಟು ಓಡಿಹೋಗಿದ್ದ ಷಾ ಹಿಂದಿರುಗಿ ಬಂದರು. 1954ರಲ್ಲಿ ಎಣ್ಣೆಯನ್ನು ಹೊಸ ಕಂಪೆನಿಕೂಟಕ್ಕೆ ಒಪ್ಪಿಸಲಾಯಿತು: ಹಳೆಯ ಬ್ರಿಟಿಷ್ ಕಂಪೆನಿಗೆ ನೂರಕ್ಕೆ 40 ಪಾಲು, ಅಮೆರಿಕದ ಕಂಪೆನಿಗಳಿಗೆ 40, ಷೆಲ್ ಕಂಪೆನಿಗೆ 14, ಫ್ರೆಂಚರಿಗೆ 6. ಕಳ್ಳತನದ ಮಾಲನ್ನು ಹಂಚಿಕೊಳ್ಳುವಾಗಲೂ ಇಷ್ಟು ಕರಾರುವಾಕ್ಕಾದ ಲೆಕ್ಕವಿರುವುದಿಲ್ಲ.

ಅದೇ 1953ರ ಡಿಸೆಂಬರಿನಲ್ಲಿ ಅಮೆರಿಕದ ಉಪಾಧ್ಯಕ್ಷ ನಿಕ್ಸನ್ ಟೆಹರಾನಿಗೆ ಬರುವವರಿದ್ದರು. ಪ್ರತಿಭಟಿಸಿದ ವಿದ್ಯಾರ್ಥಿಗಳ ಮೇಲೆ ಡಿಸೆಂಬರ್ 7ರಂದು ವಿಶ್ವವಿದ್ಯಾಲಯದ ಒಳಗೇ ಸೈನಿಕರು ಗುಂಡು ಹಾರಿಸಿ ಮೂವರನ್ನು ಕೊಂದರು. ಆ ರಕ್ತ ಒಣಗುವ ಮುಂಚೆಯೇ ನಿಕ್ಸನ್ ಬಂದಿಳಿದರು. ಅದೇ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1957ರಲ್ಲಿ ಷಾ ಸರ್ಕಾರ ‘ಸಾವಕ್’ ಎಂಬ ಗುಪ್ತ ಪೋಲೀಸ್ ದಳವನ್ನು ಹುಟ್ಟುಹಾಕಿತು. ಬಂಧನ, ಚಿತ್ರಹಿಂಸೆ, ಪರದೇಶದಲ್ಲಿರುವ ಇರಾನಿಗಳ ಬೆನ್ನುಹತ್ತುವುದು ಅದರ ನಿತ್ಯದ ಕಸುಬಾಯಿತು. 1963ರಲ್ಲಿ ‘ಶ್ವೇತ ಕ್ರಾಂತಿ’ ಎಂಬ ಹೆಸರಿನಲ್ಲಿ ಭೂಸುಧಾರಣೆ, ಹೆಂಗಸರಿಗೆ ಮತದ ಹಕ್ಕು ಮುಂತಾದುವನ್ನು ಷಾ ಸಾರಿದರು. ಅದರಲ್ಲಿ ಒಳ್ಳೆಯ ಅಂಶಗಳಿರಲಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಮತದ ಹಕ್ಕು ಕೊಟ್ಟು, ಮತ ಹಾಕಲು ವಿರೋಧ ಪಕ್ಷವನ್ನೇ ಉಳಿಸದಿದ್ದರೆ ಆ ಹಕ್ಕಿನಿಂದ ಪ್ರಯೋಜನವೇನು?

ಕರೆದವರು ಏಕೆ ಕರೆದರು?

ಪಶ್ಚಿಮ ಜರ್ಮನಿ ಆಗ ಇರಾನಿನ ಮುಖ್ಯ ವ್ಯಾಪಾರ ಪಾಲುದಾರರಲ್ಲಿ ಒಂದು. ಇವರಿಗೆ ಎಣ್ಣೆ ಬೇಕು; ಅವರಿಗೆ ಯಂತ್ರ, ಕಾರು, ಆಯುಧ ಬೇಕು. ಇಂಥ ಗಿರಾಕಿ ಬಂದಾಗ ಅಂಗಡಿಯವನು ಗಲ್ಲಾ ಬಿಟ್ಟೆದ್ದು ಕೈಮುಗಿಯುವುದು ವ್ಯಾಪಾರಧರ್ಮ. ಸರ್ಕಾರವೂ ಹಾಗೆಯೇ ಮಾಡಿತು. ಷಾ ಮೇ 27ರಂದು ಬಂದಿಳಿದ ಮೇಲೆ ಅವರ ಮೆರವಣಿಗೆಗಾಗಿ ಹೆದ್ದಾರಿಗಳನ್ನೇ ಮುಚ್ಚಿಸಲಾಯಿತು. ಆ ದೇಶದಲ್ಲಿ ಓದುತ್ತಿದ್ದ ಇರಾನಿ ತರುಣರ ಮೇಲೆ ಕೆಲವೆಡೆ ಮುಂಜಾಗ್ರತೆಯ ನಿರ್ಬಂಧಗಳು ಬಂದುವು. ತಮ್ಮ ದೊರೆಯ ಕಾಟ ತಪ್ಪಿಸಿಕೊಂಡು ಬಂದವರಿಗೆ ಆ ದೊರೆಯ ಕಾವಲು ಇಲ್ಲಿಯೂ ತಪ್ಪಲಿಲ್ಲ.

ಜನರಿಗೆ ಷಾ ಪರಿಚಯವಾಗಿದ್ದುದು ಸಚಿತ್ರ ವಾರಪತ್ರಿಕೆಗಳಿಂದ. ಅವರ ಎರಡನೆಯ ರಾಣಿ ಸೊರಾಯಾಳ ತಾಯಿ ಜರ್ಮನ್ ಹೆಂಗಸು. ಆದುದರಿಂದ ಆ ಅರಮನೆಯ ಮದುವೆ, ವಿಚ್ಛೇದನ, ಒಡವೆ, ಉಡುಗೆಗಳ ಕಥೆಯನ್ನು ಜರ್ಮನಿಯ ಗೃಹಿಣಿಯರು ವರ್ಷಾನುಗಟ್ಟಲೆ ಓದಿದ್ದರು. ಅರಮನೆಯ ಆಚೆಗೆ ಹಳ್ಳಿಗಳಲ್ಲಿ ಏನಿದೆ ಎಂಬುದನ್ನು ಬರೆದವರು ಅಪರೂಪ. ಬರೆದವರಲ್ಲಿ ಒಬ್ಬರು ಬಹಮನ್ ನಿರುಮಂದ್ ಎಂಬ ಇರಾನಿ ಲೇಖಕರು. ಅವರ ಪುಸ್ತಕ ಅದೇ 1967ರಲ್ಲಿ ಹೊರಬಂದಿತು. ಷಾ ಬರ್ಲಿನ್ನಿಗೆ ಬರುವ ಹಿಂದಿನ ರಾತ್ರಿ, ಜೂನ್ 1ರಂದು, ಅಲ್ಲಿಯ ಫ್ರೀ ಯೂನಿವರ್ಸಿಟಿಯ ದೊಡ್ಡ ಸಭಾಂಗಣದಲ್ಲಿ ಅವರು ವಿದ್ಯಾರ್ಥಿಗಳ ಮುಂದೆ ತಮ್ಮ ದೇಶದ ಸ್ಥಿತಿಯನ್ನು ವಿವರಿಸಿದರು. ಮರುದಿನ ಬೀದಿಗಿಳಿದ ತರುಣರಿಗೆ ತಾವು ಏಕೆ ಇಳಿದೆವು ಎಂಬುದು ಗೊತ್ತಿದ್ದಿತು.

ಜೂನ್ 2: ಹಗಲು ಮತ್ತು ರಾತ್ರಿ

ಮಧ್ಯಾಹ್ನ ಷೋನೆಬೆರ್ಗ್ ಪುರಭವನದ ಮುಂದೆ ಸ್ವಾಗತ. ಪ್ರತಿಭಟನೆಗೆ ಬಂದವರನ್ನು ತಡೆಗಟ್ಟೆಯ ಹಿಂದೆ ನಿಲ್ಲಿಸಿದ್ದರು. ತಡೆಗಟ್ಟೆಯ ಮುಂದೆ, ಪೋಲೀಸರ ಮಗ್ಗುಲಲ್ಲಿ, ಬಸ್ಸುಗಳಲ್ಲಿ ಕರೆತಂದ ಇರಾನಿ ಗಂಡಸರ ಒಂದು ತಂಡಕ್ಕೆ ಜಾಗ ಕೊಟ್ಟಿದ್ದರು. ಷಾಗೆ ಜಯಕಾರ ಹಾಕಲೆಂದು ಬಂದವರು ಅವರು. ಅವರೊಳಗೆ ಸಾವಕ್ ದಳದವರಿದ್ದರು. ಷಾ ಒಳಗೆ ಹೋದದ್ದೇ ತಡ, ಈ ‘ಜಯಕಾರದವರು’ ಫಲಕಗಳ ಮರದ ಪಟ್ಟಿಗಳನ್ನೇ ಕಿತ್ತುಕೊಂಡು ತಡೆಗಟ್ಟೆಯ ಹಿಂದಿದ್ದವರನ್ನು ಬಡಿಯತೊಡಗಿದರು. ಕೆಲವರ ಕೈಯಲ್ಲಿ ಉಕ್ಕಿನ ದಂಡಗಳೂ ಇದ್ದುವು. ಬರ್ಲಿನ್ ಪೋಲೀಸರು ನಿಮಿಷಗಳ ಕಾಲ ನೋಡುತ್ತ ನಿಂತರು. ಕೊನೆಗೆ ಕುದುರೆ ಪೋಲೀಸರು ನುಗ್ಗಿದರು. ಹೊಡೆಯುತ್ತಿದ್ದವರ ಮೇಲಲ್ಲ, ಹೊಡೆಸಿಕೊಳ್ಳುತ್ತಿದ್ದವರ ಮೇಲೆ. ಪರದೇಶದ ಗೂಂಡಾಗಳು ಒಂದು ಊರಿನ ಪ್ರಜೆಗಳನ್ನು ಆ ಊರಿನ ಪುರಭವನದ ಮುಂದೆಯೇ ಬಡಿದರು. ಅವರಲ್ಲಿ ಒಬ್ಬನನ್ನೂ ಅಂದು ಹಿಡಿಯಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು?

ಸಂಜೆ ಡಾಯ್ಚ ಆಪೆರಾ ರಂಗಮಂದಿರದಲ್ಲಿ ಮೋಟ್ಸಾರ್ಟನ ‘ಮಾಯಾ ಕೊಳಲು’ ಸಂಗೀತ ನಾಟಕ. ಅತಿಥಿಗಳ ಜೊತೆಯಲ್ಲಿ ಮೇಯರ್ ಹೈನ್‌ರಿಶ್ ಆಲ್ಬರ್ಟ್ಸ್ ಕೂಡ ಒಳಗೆ ಕುಳಿತರು. ಎದುರಿನ ಕಾಲುದಾರಿಯಲ್ಲಿ, ಹಿಂದೆ ಕಟ್ಟಡ ಕಾಮಗಾರಿಯ ಬೇಲಿ, ಮುಂದೆ ಪೋಲೀಸ್ ತಡೆಗಟ್ಟೆ, ನಡುವಿನ ಇಕ್ಕಟ್ಟಿನಲ್ಲಿ ಜನ ತುಂಬಿದ್ದರು. ಕೆಲವರು ಷಾ ಮತ್ತು ರಾಣಿಯ ಮುಖ ಬರೆದ ಕಾಗದದ ಚೀಲಗಳನ್ನು ತಲೆಗೆ ಹಾಕಿಕೊಂಡಿದ್ದರು. ಕೂಗಾಟವಾಯಿತು, ಟೊಮೇಟೊ, ಮೊಟ್ಟೆ, ಬಣ್ಣದ ಚೀಲಗಳು ಹಾರಿದುವು, ಕೆಲವು ಕಲ್ಲುಗಳೂ ಬಿದ್ದುವು. ಕಲ್ಲೆಸೆದುದನ್ನು ನಾವು ಮೆಚ್ಚುವುದಿಲ್ಲ. ಆದರೆ ಕಾಲಕ್ರಮವನ್ನು ಗಮನಿಸಬೇಕು. ಷಾ ಸುರಕ್ಷಿತವಾಗಿ ಒಳಗೆ ಹೋಗಿ ಕುಳಿತಾಗಿದ್ದಿತು. ನಾಟಕ ಮುಗಿಯುವವರೆಗೆ ಮಾಡುವುದೇನೂ ಇಲ್ಲವೆಂದು ಜನ ಚದುರತೊಡಗಿದ್ದರು. ಅತಿಥಿ ಹೊರಬರುವಾಗ ಈ ಗಲಾಟೆ ಮರುಕಳಿಸಬಾರದೆಂದು ಮೇಯರು ಆಡಿದ ಮಾತನ್ನು ಪೋಲೀಸರು ಬೀದಿ ಬರಿದುಮಾಡಲು ಅಪ್ಪಣೆಯೆಂದು ತಿಳಿದರು. ಎಂಟು ಗಂಟೆ ದಾಟಿದ ಮೇಲೆ, ಎಚ್ಚರಿಕೆಯನ್ನೂ ಕೊಡದೆ, ಲಾಠಿಗಳು ಎದ್ದುವು.

ಪೋಲೀಸ್ ಮುಖ್ಯಸ್ಥ ಎರಿಶ್ ಡ್ಯೂನ್ಸಿಂಗ್ ತಮ್ಮ ಉಪಾಯವನ್ನು ಆಮೇಲೆ ತಾವೇ ವಿವರಿಸಿದರು. ಜನಸಂದಣಿ ಮಾಂಸ ತುಂಬಿದ ಸಾಸೇಜಿನ ಕೊಳವೆಯಿದ್ದಂತೆ. ನಡುವೆ ಚುಚ್ಚಿದರೆ ತುದಿಗಳಲ್ಲಿ ಒಡೆದು ಹೊರಬರುತ್ತದೆ ಎಂಬುದು ಅವರ ಮಾತಿನ ಸಾರಾಂಶ. ಪ್ರಜೆಗಳನ್ನು ತಿನ್ನುವ ಪದಾರ್ಥಕ್ಕೆ ಹೋಲಿಸುವ ಅಧಿಕಾರಿಯ ಕೈಗೆ ಲಾಠಿ ಕೊಟ್ಟರೆ ಏನಾಗಬೇಕೋ ಅದೇ ಆಯಿತು. ಓಡುವವರನ್ನು ಪಕ್ಕದ ಬೀದಿಗಳಿಗೆ ಅಟ್ಟಿಸಿಕೊಂಡು ಹೋಗಿ ಹೊಡೆದರು. ಈ ಬೆನ್ನಟ್ಟುವಿಕೆಗೆ ‘ನರಿಬೇಟೆ’ ಎಂದು ಹೆಸರಿಟ್ಟಿದ್ದರು. ಪ್ರತಿಭಟನಕಾರರು ಪೋಲೀಸನೊಬ್ಬನನ್ನು ಇರಿದು ಕೊಂದಿದ್ದಾರೆಂಬ ಸುದ್ದಿಯನ್ನು ಧ್ವನಿವರ್ಧಕದಲ್ಲಿ ಸಾರಿದರು. ಅದು ಶುದ್ಧ ಸುಳ್ಳು. ಅಂದು ಸತ್ತವನು ಒಬ್ಬನೇ, ಅವನು ಪೋಲೀಸನಲ್ಲ.

ಅವನ ಹೆಸರು ಬೆನ್ನೊ ಓನೆಸೋರ್ಗ್. ವಯಸ್ಸು 26. ಚಳವಳಿಯ ಮುಂದಾಳಲ್ಲ; ಕ್ರಾಂತಿಕಾರಿಯೂ ಅಲ್ಲ. ಅಹಿಂಸೆಯಲ್ಲಿ ನಂಬಿಕೆಯಿಟ್ಟು ಕ್ರೈಸ್ತ ವಿದ್ಯಾರ್ಥಿ ಸಂಘಕ್ಕೆ ಹೋಗಿಬರುತ್ತಿದ್ದವನು. ಮೊದಲು ಅಂಗಡಿಗಳ ಗಾಜಿನ ಮುಂಗಟ್ಟನ್ನು ಅಲಂಕರಿಸುವ ಕಸುಬು ಕಲಿತು, ಆಮೇಲೆ ಹಟ ಹಿಡಿದು ಮತ್ತೆ ಓದಿ, ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಕಲಿಯಲು ಬಂದವನು. ಮದುವೆಯಾಗಿ ಕೆಲವೇ ವಾರಗಳಾಗಿದ್ದುವು, ಹೆಂಡತಿ ಬಸುರಿ. ಕ್ರುಮ್ಮ ಬೀದಿಯ 66-67ನೆಯ ನಂಬರಿನ ಮನೆಯ ಅಂಗಳದಲ್ಲಿ ಪೋಲೀಸರು ಯಾರನ್ನೋ ಬಡಿಯುತ್ತಿದ್ದುದನ್ನು ಕಂಡು ಅವನು ಒಳಗೆ ಹೋದ. ಎಂಟೂವರೆಯ ಸುಮಾರಿಗೆ ಸಾದಾ ಉಡುಪಿನಲ್ಲಿದ್ದ ಪೋಲೀಸ್ ಪತ್ತೇದಾರ ಕಾರ್ಲ್-ಹೈನ್ಸ್ ಕುರಾಸ್ ಹತ್ತಿರದಿಂದ ಹಾರಿಸಿದ ಗುಂಡು ಅವನ ತಲೆಯ ಹಿಂಭಾಗಕ್ಕೆ ಹೊಕ್ಕಿತು.

ರಂಗಮಂದಿರದ ಒಳಗೆ ಕೊಳಲಿನ ನಾಟಕ ನಿಲ್ಲಲಿಲ್ಲ.

ಊರು ಏನೆಂದಿತು?

ಮೊದಲು ಅಧಿಕಾರಸ್ಥರ ಮಾತು. ತಲೆಗೆ ಪೆಟ್ಟು ಬಿದ್ದು ಸತ್ತನೆಂದು ಮೊದಲು ಹೇಳಿದರು. ಶವಪರೀಕ್ಷೆಯಲ್ಲಿ ಗುಂಡು ಸಿಕ್ಕಿತು. ಗುಂಡು ಹೊಕ್ಕ ಕಡೆಯ ತಲೆಬುರುಡೆಯ ಚೂರು ಮಾತ್ರ ಇರಲಿಲ್ಲ. ಯಾರೋ ಅದನ್ನು ತೆಗೆದು ಮೇಲಿನ ಚರ್ಮವನ್ನು ಹೊಲಿದಿದ್ದರು. ಆಮೇಲೆ, ಎಚ್ಚರಿಕೆಗೆ ಹಾರಿಸಿದ ಗುಂಡು ಎಲ್ಲಿಗೋ ತಗುಲಿ ತಿರುಗಿತೆಂದರು. ಕೊನೆಗೆ, ಚಾಕು ಹಿಡಿದವರು ಮುತ್ತಿದ್ದರಿಂದ ಆತ್ಮರಕ್ಷಣೆಗೆ ಹಾರಿಸಿದೆನೆಂದು ಕುರಾಸ್ ಹೇಳಿದ. ಸತ್ಯಕ್ಕೆ ಒಂದೇ ಬಾಯಿ, ಸುಳ್ಳಿಗೆ ದಿನಕ್ಕೊಂದು. ಮೇಯರ್ ಆಲ್ಬರ್ಟ್ಸ್ ಅದೇ ರಾತ್ರಿ ಹೇಳಿಕೆ ಕೊಟ್ಟು, ಊರಿನ ತಾಳ್ಮೆ ಮುಗಿದಿದೆ, ಸಾವುನೋವಿಗೆ ಪ್ರತಿಭಟನಕಾರರೇ ಹೊಣೆ ಎಂದರು. ಊರಿನಲ್ಲಿ ಮೆರವಣಿಗೆಗಳನ್ನು ನಿಷೇಧಿಸಿದರು. ಮರುದಿನ ಅತಿಥಿಯನ್ನು ಬೀಳ್ಕೊಡುವಾಗ ತರುಣನ ಸಾವಿನ ಸುದ್ದಿಯನ್ನು ಅವರು ಷಾಗೆ ತಿಳಿಸಿದರಂತೆ. ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಇರಾನಿನಲ್ಲಿ ಇದು ದಿನವೂ ನಡೆಯುತ್ತದೆ ಎಂಬರ್ಥದ ಉತ್ತರ ಬಂದಿತೆಂದು ಆಲ್ಬರ್ಟ್ಸರೇ ಮುಂದೆ ನೆನಪಿಸಿಕೊಂಡಿದ್ದಾರೆ. ಆ ರಾಜ್ಯಾಡಳಿತದ ವಿಚಾರವಾಗಿ ನಿರುಮಂದರ ಇಡೀ ಪುಸ್ತಕ ಹೇಳಿದುದನ್ನು ಆ ದೊರೆ ಒಂದೇ ಮಾತಿನಲ್ಲಿ ಹೇಳಿಬಿಟ್ಟರು.

ಇನ್ನು ಪತ್ರಿಕೆಗಳು. ಪಶ್ಚಿಮ ಬರ್ಲಿನ್ನಿನಲ್ಲಿ ಮಾರಾಟವಾಗುತ್ತಿದ್ದ ದಿನಪತ್ರಿಕೆಗಳಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಆಕ್ಸೆಲ್ ಸ್ಪ್ರಿಂಗರ್ ಎಂಬ ಒಬ್ಬನೇ ಮಾಲೀಕನ ಒಡೆತನದಲ್ಲಿದ್ದುವು. ಗಿರಣಿಯ ಪಾಳಿ ಮುಗಿಸಿ ಬಂದವನು ಟ್ರಾಮಿನಲ್ಲಿ ಓದಿದುದು, ಅಂಗಡಿಯವನು ಗಿರಾಕಿಯಿಲ್ಲದ ಹೊತ್ತಿನಲ್ಲಿ ಓದಿದುದು ಅವನ ಪತ್ರಿಕೆಯನ್ನೇ. ಆ ಪತ್ರಿಕೆಗಳಲ್ಲಿ ಗೂಂಡಾಗಳೆಂದರೆ ವಿದ್ಯಾರ್ಥಿಗಳು, ರಕ್ತ ಸುರಿಸಿದವರು ಅವರು, ಗಾಯಗೊಂಡವರು ಪೋಲೀಸರು. ಪುರಭವನದ ಮುಂದೆ ಮರದ ಪಟ್ಟಿ ಬೀಸಿದವರ ವಿಚಾರದಲ್ಲಿ ಅವುಗಳಿಗೆ ಅಷ್ಟು ಆಸಕ್ತಿಯಿರಲಿಲ್ಲ. ಮೂರು ದಿನ ಕಳೆಯುವುದರೊಳಗೆ ಪಶ್ಚಿಮ ಏಷ್ಯಾದಲ್ಲಿ ಯುದ್ಧ ಹೊತ್ತಿಕೊಂಡಿತು. ಓನೆಸೋರ್ಗನ ಸುದ್ದಿ ಒಳಪುಟಕ್ಕೆ ಸರಿಯಿತು.

ಕಾರ್ಮಿಕರೇನೆಂದರು? ಇಲ್ಲಿ ನಾವು ಮುಚ್ಚುಮರೆ ಮಾಡುವಂತಿಲ್ಲ. ಬರ್ಲಿನ್ನಿನ ಕಾರ್ಮಿಕರಲ್ಲಿ ಬಹುಮಂದಿ ವಿದ್ಯಾರ್ಥಿಗಳ ವಿರುದ್ಧವಾಗಿದ್ದರು. ನಮ್ಮ ತೆರಿಗೆಯಲ್ಲಿ ಓದುತ್ತಾರೆ, ಕೆಲಸವಿಲ್ಲದೆ ಕೂಗುತ್ತಾರೆ, ಇಷ್ಟವಿಲ್ಲದಿದ್ದರೆ ಗೋಡೆಯ ಆಚೆ ಹೋಗಲಿ ಎಂಬುದು ಬೀದಿಯ ಮಾತಾಗಿದ್ದಿತು. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ತಿಳಿಯಲು ಯತ್ನಿಸುವುದು ಲೇಸು. ಆ ಊರು 1948ರಿಂದ 1949ರವರೆಗೆ ಸೋವಿಯತ್ ದಿಗ್ಬಂಧನದಲ್ಲಿ ಸಿಕ್ಕಿ, ಕಲ್ಲಿದ್ದಲು, ಹಿಟ್ಟುಗಳನ್ನೂ ಅಮೆರಿಕ, ಬ್ರಿಟನ್ನಿನ ವಿಮಾನಗಳು ತಂದು ಸುರಿದು ಬದುಕಿದ ಊರು. 1961ರ ಆಗಸ್ಟ್ 13ರಂದು ಎದ್ದ ಗೋಡೆ ಅಣ್ಣನನ್ನೂ ತಮ್ಮನನ್ನೂ ಬೇರೆ ಮಾಡಿದ್ದಿತು. ಅಂಥ ಊರಿನಲ್ಲಿ ಅಮೆರಿಕದ ಗೆಳೆಯನನ್ನು ಟೀಕಿಸಿದವನು ಗೋಡೆಯ ಆಚೆಯವನ ಗೆಳೆಯನೇ ಇರಬೇಕೆಂದು ಜನ ತಿಳಿದರೆ ಆಶ್ಚರ್ಯವಿಲ್ಲ. ಆ ಭಯ ನಿಜವಾದುದು. ಆ ನಿಜವಾದ ಭಯವನ್ನು ಬಂಡವಾಳವಾಗಿ ಹೂಡಿ ಪತ್ರಿಕೆ ಮಾರಿದವರು, ಮತ ಗಳಿಸಿದವರು ತಪ್ಪಿತಸ್ಥರು.

ವಿದ್ಯಾರ್ಥಿಗಳಲ್ಲಿಯೂ ತಪ್ಪಿದ್ದಿತು. ಕಾರ್ಮಿಕನ ಹೆಸರಿನಲ್ಲಿ ಮಾತನಾಡಿದ ಅವರು ಕಾರ್ಮಿಕನಿಗೆ ಅರ್ಥವಾಗುವ ಮಾತನ್ನು ಆಡಲಿಲ್ಲ. ಅಬಾದಾನಿನ ಎಣ್ಣೆ ಕೂಲಿಗೂ ಬರ್ಲಿನ್ನಿನ ಕಾರ್ಖಾನೆಯ ಕೂಲಿಗೂ ಇರುವ ಸಂಬಂಧವನ್ನು ಕಾರ್ಖಾನೆಯ ಬಾಗಿಲಿಗೆ ಹೋಗಿ, ಸರಳವಾಗಿ, ಬೈಗುಳವಿಲ್ಲದೆ ಹೇಳಬೇಕಾಗಿದ್ದಿತು. ಹೇಳುವವರಿಲ್ಲದ ಕಡೆ ಸ್ಪ್ರಿಂಗರನ ಪತ್ರಿಕೆ ಹೇಳಿತು. 1968ರ ಫೆಬ್ರವರಿ 21ರಂದು ಊರಿನ ಸರ್ಕಾರವೂ ಕಾರ್ಮಿಕ ಸಂಘಗಳೂ ಸೇರಿ ವಿದ್ಯಾರ್ಥಿಗಳ ವಿರುದ್ಧ ಭಾರಿ ಸಭೆ ನಡೆಸಿದುವು; ಸರ್ಕಾರಿ ನೌಕರರಿಗೆ ರಜೆ ಕೊಟ್ಟು ಕಳುಹಿಸಿದರು. ಅಲ್ಲಿ ದಾರಿಹೋಕನೊಬ್ಬನನ್ನು ವಿದ್ಯಾರ್ಥಿ ಮುಖಂಡ ರೂಡಿ ಡುಚ್ಕೆ ಎಂದು ಭ್ರಮಿಸಿ ಜನ ಅಟ್ಟಿಸಿಕೊಂಡು ಹೋದರು. ಅವನು ಬದುಕಿ ಉಳಿದುದು ಪುಣ್ಯ. ಎರಡು ತಿಂಗಳೊಳಗೆ, ಏಪ್ರಿಲ್ 11ರಂದು, ನಿಜವಾದ ಡುಚ್ಕೆಗೆ ತರುಣನೊಬ್ಬ ಗುಂಡಿಟ್ಟ. ಬಿತ್ತಿದುದನ್ನು ಬೆಳೆಯದಿರಲು ನೆಲಕ್ಕೆ ಗೊತ್ತಿಲ್ಲ.

ನ್ಯಾಯ ಎಷ್ಟು ದೊರೆಯಿತು?

ಅಷ್ಟಾದರೂ ಸತ್ಯ ಪೂರ್ತಿ ಹೂತುಹೋಗಲಿಲ್ಲ. ವಿದ್ಯಾರ್ಥಿಗಳು ತಾವೇ ಸಾಕ್ಷಿಗಳನ್ನು ಹುಡುಕಿ ಹೇಳಿಕೆಗಳನ್ನು ಕಲೆಹಾಕಿದರು. ಜೂನ್ 8ರಂದು ಓನೆಸೋರ್ಗನ ದೇಹವನ್ನು ಹುಟ್ಟೂರಾದ ಹ್ಯಾನೋವರಿಗೆ ಒಯ್ಯುವಾಗ ಸುಮಾರು 15,000 ಮಂದಿ ಊರ ಗಡಿಯವರೆಗೆ ಬೀಳ್ಕೊಟ್ಟರು. ನಗರಸಭೆ ವಿಚಾರಣಾ ಸಮಿತಿಯನ್ನು ನೇಮಿಸಬೇಕಾಯಿತು. ಪೋಲೀಸ್ ಮುಖ್ಯಸ್ಥರು ಅವಧಿಗೆ ಮುಂಚೆಯೇ ನಿವೃತ್ತರಾದರು. ಗೃಹಖಾತೆಯ ಸೆನೆಟರ್ ಹೋದರು. 1967ರ ಸೆಪ್ಟೆಂಬರ್ 26ರಂದು ಮೇಯರ್ ಆಲ್ಬರ್ಟ್ಸರೂ ರಾಜೀನಾಮೆ ಕೊಟ್ಟರು.

ಆದರೆ ಗುಂಡು ಹಾರಿಸಿದವನ ಗತಿ? 1967ರ ನವೆಂಬರಿನಲ್ಲಿ ಕೋರ್ಟು ಕುರಾಸನನ್ನು ಬಿಡುಗಡೆ ಮಾಡಿತು. ಮರುವಿಚಾರಣೆಯಾಗಿ 1970ರಲ್ಲಿ ಮತ್ತೆ ಬಿಡುಗಡೆಯಾಯಿತು. ಅವನ ವಕೀಲರ ಖರ್ಚಿಗೆ ಪೋಲೀಸರ ಸಂಘ ಹಣ ಕೊಟ್ಟಿತು. ಅವನು ಕೆಲಸಕ್ಕೆ ಮರಳಿ, ವಯಸ್ಸಾದಾಗ ಪಿಂಚಣಿ ಪಡೆದ. ಇತ್ತ ಅದೇ ರಾತ್ರಿ ಕಲ್ಲೆಸೆದನೆಂಬ ಆರೋಪದ ಮೇಲೆ ಹಿಡಿದ ಫ್ರಿಟ್ಸ್ ಟಾಯ್ಫೆಲ್ ಎಂಬ ವಿದ್ಯಾರ್ಥಿ ತಿಂಗಳುಗಟ್ಟಲೆ ಜೈಲಿನಲ್ಲಿದ್ದು, ಡಿಸೆಂಬರಿನಲ್ಲಿ ನಿರ್ದೋಷಿಯೆಂದು ಹೊರಬಂದ. ಎಸೆಯದ ಕಲ್ಲಿಗೆ ಜೈಲು. ಹಾರಿಸಿದ ಗುಂಡಿಗೆ ಪಿಂಚಣಿ.

2009ರಲ್ಲಿ ಹಳೆಯ ಕಡತಗಳಿಂದ ಮತ್ತೊಂದು ಸಂಗತಿ ಬೆಳಕಿಗೆ ಬಂದಿತು. ಈ ಕುರಾಸ್ 1955ರಿಂದಲೂ ಪೂರ್ವ ಜರ್ಮನಿಯ ಗುಪ್ತದಳ ‘ಸ್ಟಾಸಿ’ಯ ಬೇಹುಗಾರ, ಆ ದೇಶದ ಆಳುವ ಪಕ್ಷದ ಗುಟ್ಟಿನ ಸದಸ್ಯ! ಅವರ ಅಪ್ಪಣೆಯಿಂದ ಗುಂಡು ಹಾರಿಸಿದನೆಂಬುದಕ್ಕೆ ಆಧಾರ ಸಿಕ್ಕಿಲ್ಲ. ಆದರೂ ಕೆಲವರು ಇದನ್ನೇ ಹಿಡಿದು, ಎಲ್ಲವೂ ಆಚೆಯವರ ಕೆಲಸ, ಈಚೆಯವರು ನಿರಪರಾಧಿಗಳು ಎನ್ನತೊಡಗಿದರು. ಈ ವಾದ ನಿಲ್ಲುವುದಿಲ್ಲ. ಲಾಠಿ ಬೀಸಿದವರೆಲ್ಲರೂ ಸ್ಟಾಸಿಯವರೇ? ಸುಳ್ಳು ಹೇಳಿಕೆ ಕೊಟ್ಟವರು, ಮೂಳೆಯ ಚೂರು ಮಾಯಮಾಡಿದವರು, ಎರಡು ಸಲ ಬಿಡುಗಡೆ ಮಾಡಿದವರು ಎಲ್ಲರೂ ಬೇಹುಗಾರರೇ? ಒಬ್ಬ ಕೊಲೆಗಾರನಿಗೆ ಇಬ್ಬರು ಒಡೆಯರಿದ್ದರೆಂದು ತಿಳಿದುಬಂದಿತು. ಅದರಿಂದ ಮೊದಲ ಒಡೆಯನ ಹೊಣೆ ಕಡಮೆಯಾಗುವುದಿಲ್ಲ.

ಕಾರ್ಮಿಕರ ಪಕ್ಷದ ಪ್ರಶ್ನೆ

ನಮ್ಮನ್ನು ಹೆಚ್ಚು ಕಾಡಬೇಕಾದುದು ಇದು. 1967ರ ಮಾರ್ಚಿಯ ಚುನಾವಣೆಯಲ್ಲಿ ಬರ್ಲಿನ್ನಿನ ಸೋಷಿಯಲ್ ಡೆಮಾಕ್ರಟರಿಗೆ ಅರ್ಧಕ್ಕೂ ಹೆಚ್ಚು ಮತ ಬಂದಿದ್ದಿತು. ಅಂಥ ಪಕ್ಷದ ಸರ್ಕಾರದಡಿಯಲ್ಲಿ, ಎಣ್ಣೆ ಕಂಪೆನಿಗಳ ಗೆಳೆಯನಾದ ದೊರೆಗಾಗಿ, ತನ್ನದೇ ಊರಿನ ತರುಣನ ಮೇಲೆ ಗುಂಡು ಹಾರಿತು. ಪೋಲೀಸರ ಮೇಲೆ ಹೊಣೆ ಹಾಕಿ ಕೈತೊಳೆದುಕೊಳ್ಳುವುದು ಎಲ್ಲ ಮಂತ್ರಿಗಳೂ ಬಲ್ಲ ವಿದ್ಯೆ. ಸಮಾಜವಾದಿ ಮಂತ್ರಿ ಅದನ್ನು ಕಲಿಯಬಾರದು.

ನಮ್ಮ ದೇಶದಲ್ಲಿಯೂ ಈ ಪ್ರಶ್ನೆ ಎದ್ದಿದ್ದಿತು. 1954ರ ಆಗಸ್ಟಿನಲ್ಲಿ ತಿರುವಾಂಕೂರು-ಕೊಚ್ಚಿಯಲ್ಲಿ ಪಟ್ಟಂ ಥಾಣು ಪಿಳ್ಳೆಯವರ ಪ್ರಜಾ ಸೋಷಿಯಲಿಸ್ಟ್ ಸರ್ಕಾರದ ಪೋಲೀಸರು ಚಳವಳಿಗಾರರ ಮೇಲೆ ಗುಂಡು ಹಾರಿಸಿದರು, ಸಾವುಗಳಾದುವು. ಆಗ ಜೈಲಿನಲ್ಲಿದ್ದ, ಪಕ್ಷದ ಪ್ರಧಾನ ಕಾರ್ಯದರ್ಶಿ ಡಾ. ರಾಮಮನೋಹರ ಲೋಹಿಯಾ ತಮ್ಮದೇ ಪಕ್ಷದ ಸರ್ಕಾರ ರಾಜೀನಾಮೆ ಕೊಡಬೇಕೆಂದು ಕೇಳಿದರು. ಪಕ್ಷ ಒಪ್ಪಲಿಲ್ಲ. ಒಡಕು ಬೆಳೆದು 1955ರಲ್ಲಿ ಪಕ್ಷವೇ ಸೀಳಿತು. ಆ ಒಡಕಿನಿಂದ ಚಳವಳಿಗೆ ನಷ್ಟವಾಯಿತೆಂದು ಹೇಳುವವರಿದ್ದಾರೆ, ಆಯಿತು. ಆದರೆ ಪ್ರಶ್ನೆ ಸರಿಯಾದುದು. ನಿರಾಯುಧ ಜನರ ಮೇಲೆ ಗುಂಡು ಹಾರಿಸಿಯೂ ಕುರ್ಚಿಯಲ್ಲೇ ಕುಳಿತ ಸರ್ಕಾರ ಯಾವ ಬಣ್ಣದ ಬಾವುಟ ಹಾರಿಸಿದರೇನು?

ಆಲ್ಬರ್ಟ್ಸರ ವಿಚಾರದಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಅವರು ಮೂಲತಃ ಪಾದ್ರಿ. ನಾಲ್ಕು ತಿಂಗಳ ಮೇಲೆ ಹುದ್ದೆ ಬಿಡುವಾಗ, ತಾನು ಅತ್ಯಂತ ಕಠೋರನಾಗಿದ್ದ ಆ ರಾತ್ರಿಯೇ ಅತ್ಯಂತ ದುರ್ಬಲನಾಗಿದ್ದೆ, ಮಾಡಿದುದು ತಪ್ಪು ಎಂದು ನಗರಸಭೆಯಲ್ಲಿ ಒಪ್ಪಿಕೊಂಡರು. ಮುಂದೆ ಶಾಂತಿ ಚಳವಳಿಯಲ್ಲಿ ದುಡಿದರು. ಸತ್ತವನು ಇದರಿಂದ ಬದುಕಿ ಬರಲಿಲ್ಲ. ಆದರೂ ಇಷ್ಟನ್ನು ಹೇಳುವ ಅಧಿಕಾರಸ್ಥರು ಎಷ್ಟು ಮಂದಿ?

ಆ ಗುಂಡಿನ ಮಕ್ಕಳು

ಗುಂಡು ಒಬ್ಬನನ್ನು ಕೊಂದು ಸುಮ್ಮನಾಗುವುದಿಲ್ಲ. ಸರ್ಕಾರಕ್ಕೆ ತಿಳಿಯುವುದು ಬಲದ ಭಾಷೆಯೊಂದೇ ಎಂದು ಕೆಲವು ತರುಣರು ತೀರ್ಮಾನಿಸಿದರು. ‘ಜೂನ್ 2 ಚಳವಳಿ’ ಎಂದೇ ಹೆಸರಿಟ್ಟುಕೊಂಡ ಒಂದು ಗುಂಪು 1974ರಲ್ಲಿ ಬರ್ಲಿನ್ನಿನ ಮುಖ್ಯ ನ್ಯಾಯಾಧೀಶನನ್ನು ಮನೆಯ ಬಾಗಿಲಿನಲ್ಲಿ ಕೊಂದಿತು. ಅಹಿಂಸಾವಾದಿಯ ಸಾವಿನ ದಿನವನ್ನು ಕೊಲೆಗಾರರು ತಮ್ಮ ಹೆಸರಾಗಿ ಮಾಡಿಕೊಂಡುದು ಅವನಿಗೆ ಮಾಡಿದ ಎರಡನೆಯ ಅನ್ಯಾಯ. ನಾವು ಇದನ್ನು ಖಡಾಖಂಡಿತವಾಗಿ ಖಂಡಿಸುತ್ತೇವೆ. ಬೀದಿಯಲ್ಲಿ ಸಾವಿರ ಜನ ಸೇರಿ ಕೂಗುವ ಹಕ್ಕನ್ನು ಕಿತ್ತುಕೊಂಡ ಕಡೆ ಕತ್ತಲಲ್ಲಿ ಹತ್ತು ಜನ ಪಿಸ್ತೂಲು ಹಿಡಿಯುತ್ತಾರೆ. ಹಿಡಿದ ಮೇಲೆ ಸಾವಿರ ಜನರ ಹಕ್ಕನ್ನು ಕಿತ್ತುಕೊಳ್ಳಲು ಸರ್ಕಾರಕ್ಕೆ ಹೊಸ ನೆಪ ಸಿಗುತ್ತದೆ. ಲಾಭ ಯಾರಿಗೆ?

ಷಾ ಗತಿಯೂ ಗೊತ್ತೇ ಇದೆ. 1971ರಲ್ಲಿ ಪರ್ಸೆಪೊಲಿಸಿನಲ್ಲಿ ಜಗತ್ತಿನ ದೊರೆಗಳನ್ನೆಲ್ಲ ಕರೆದು ಸಾಮ್ರಾಜ್ಯದ 2,500 ವರ್ಷದ ಉತ್ಸವ ಮಾಡಿದರು. 1978ರಲ್ಲಿ ಇರಾನಿನ ಎಣ್ಣೆ ಕಾರ್ಮಿಕರು ಮುಷ್ಕರ ಹೂಡಿ ಕೊಳವೆಗಳನ್ನು ನಿಲ್ಲಿಸಿದರು. 1979ರ ಜನವರಿ 16ರಂದು ಷಾ ದೇಶ ಬಿಟ್ಟರು. 1980ರಲ್ಲಿ ಕೈರೋದಲ್ಲಿ ತೀರಿಕೊಂಡರು. ಕೆಂಪುಗಂಬಳಿ ಹಾಸಿದ್ದ ದೇಶಗಳಲ್ಲಿ ಬಹುತೇಕ ಎಲ್ಲವೂ ಆಗ ಬಾಗಿಲು ಹಾಕಿಕೊಂಡುವು. ಅವರ ಬದಲಿಗೆ ಬಂದ ಮುಲ್ಲಾಗಳ ಆಡಳಿತವೂ ಅದೇ ಎಣ್ಣೆ ಕಾರ್ಮಿಕರಿಗೆ, ಅದೇ ವಿದ್ಯಾರ್ಥಿಗಳಿಗೆ ಸೆರೆಮನೆಯನ್ನೂ ನೇಣನ್ನೂ ಕೊಟ್ಟಿತು. ಒಬ್ಬ ದಬ್ಬಾಳಿಕೆಗಾರನನ್ನು ಇಳಿಸಿದೊಡನೆ ಸ್ವಾತಂತ್ರ್ಯ ತಾನಾಗಿಯೇ ಬಂದು ಕೂರುವುದಿಲ್ಲ ಎಂಬ ಪಾಠವನ್ನೂ ಆ ನಾಡು ಬಹಳ ಬೆಲೆ ತೆತ್ತು ಕಲಿಯಬೇಕಾಯಿತು.

ನಮ್ಮ ನಿಲುವು

ಅತಿಥಿಯನ್ನು ದೇವರೆಂದು ಕಾಣುವ ನಾಡು ನಮ್ಮದು ಎಂದು ಕೆಲವರು ಹೇಳಬಹುದು. ಒಪ್ಪಿದೆವು. ಮನೆಗೆ ಬಂದವನಿಗೆ ನೀರು ಕೊಡುವುದು ಮನೆಯವರ ಇಷ್ಟದಿಂದ ನಡೆಯುವ ಮಾತು. ರಾಜ್ಯದ ಅತಿಥಿ ಹಾಗಲ್ಲ; ಅವನ ಊಟದ ಖರ್ಚು ಪ್ರಜೆಯದು, ಅವನನ್ನು ಕರೆದ ನಿರ್ಧಾರ ಮಂತ್ರಿಯದು. ಖರ್ಚು ಕೊಟ್ಟವನಿಗೆ ಬಾಯಿ ಇರಬಾರದೆಂದರೆ ಹೇಗೆ?

ವ್ಯಾಪಾರ ಕೆಡುತ್ತದೆ ಎಂಬ ಮಾತು ನಮ್ಮ ಅಂಗಡಿಕಾರ ಮಿತ್ರರಿಂದ ಬರಬಹುದು. ದೇಶ ದೇಶಗಳ ನಡುವೆ ವ್ಯಾಪಾರ ಬೇಡವೆಂದು ಯಾರೂ ಹೇಳಿಲ್ಲ. ಷಾ 1956ರಲ್ಲಿ ನಮ್ಮ ದೇಶಕ್ಕೂ ಬಂದಿದ್ದರು. ಅವರ ದೇಶದೊಡನೆ ನಮಗೂ ಕೊಡುಕೊಳುಗೆಯಿದ್ದಿತು, ಇರಬೇಕಾದುದೇ. ಆದರೆ ಜಪ್ಪಯ್ಯ ಎಂದರೂ ಪ್ರಶ್ನೆ ಕೇಳದಿರುವುದೇ ವ್ಯಾಪಾರದ ಕರಾರು ಎಂದಾದರೆ, ಅಂಥ ಕರಾರಿನಲ್ಲಿ ಮಾರಾಟವಾಗುವುದು ಸರಕು ಮಾತ್ರವಲ್ಲ. ಬೀದಿ ಮುಚ್ಚಿಸಿದ ದಿನದ ನಷ್ಟ ಸಣ್ಣ ಅಂಗಡಿಯವನದು. ಎಣ್ಣೆಯ ಒಪ್ಪಂದದ ಲಾಭ ಅವನ ಗಲ್ಲಾಪೆಟ್ಟಿಗೆಗೆ ಬಂದು ಬೀಳುವುದಿಲ್ಲ ಎಂಬುದನ್ನೂ ಅವರು ಲೆಕ್ಕ ಹಾಕಿ ನೋಡಲಿ.

ಅತಿಥಿಯ ಪ್ರಾಣಕ್ಕೆ ಅಪಾಯವಾಗದಂತೆ ಕಾಯುವುದು ಸರ್ಕಾರದ ಕರ್ತವ್ಯ. ಅತಿಥಿಯ ಕಿವಿಗೆ ಕಹಿಯಾದ ಮಾತು ಬೀಳದಂತೆ ಕಾಯುವುದು ಸರ್ಕಾರದ ಕರ್ತವ್ಯವಲ್ಲ. ಮೊದಲನೆಯದಕ್ಕೆ ತಡೆಗಟ್ಟೆ ಸಾಕು. ಎರಡನೆಯದಕ್ಕೆ ಹೊರಟರೆ ಗುಂಡಿನವರೆಗೆ ಹೋಗಬೇಕಾಗುತ್ತದೆ. ಬರ್ಲಿನ್ ಹೋದುದು ಹಾಗೆ. ಪ್ರತಿಭಟಿಸುವವರೂ ಒಂದನ್ನು ನೆನಪಿಡಬೇಕು: ಕೈಯಲ್ಲಿ ಕಲ್ಲಿಲ್ಲದವನ ಕೂಗು ದೂರ ಕೇಳಿಸುತ್ತದೆ, ಮತ್ತು ಆ ಕೂಗು ಪಕ್ಕದ ಕಾರ್ಖಾನೆಯವನಿಗೆ ಅರ್ಥವಾಗದಿದ್ದರೆ ಎಷ್ಟು ಕೂಗಿದರೂ ವ್ಯರ್ಥ.

ಬರ್ಲಿನ್ನಿನ ಆ ರಂಗಮಂದಿರದ ಹತ್ತಿರ ಈಗ ಒಂದು ಕಂಚಿನ ಉಬ್ಬುಶಿಲ್ಪವಿದೆ. ಶಿಲ್ಪಿ ಆಲ್ಫ್ರೆಡ್ ಹರ್ಡ್ಲಿಚ್ಕ. ಅದರ ಹೆಸರು ‘ಪ್ರತಿಭಟನಕಾರನ ಸಾವು’. ಅದನ್ನು ಅಲ್ಲಿ ನಿಲ್ಲಿಸಿದುದು 1990ರಲ್ಲಿ, ಗುಂಡು ಹಾರಿದ 23 ವರ್ಷಗಳ ಮೇಲೆ. ಅಂದು ಒಳಗೆ ಕುಳಿತು ಸಂಗೀತ ಕೇಳಿದ ದೊರೆಗೆ ಆ ಬೀದಿಯಲ್ಲಿ ಯಾವ ಗುರುತೂ ಇಲ್ಲ. ಮುಂದಿನ ಸಲ ಯಾವ ಊರಿನಲ್ಲಾದರೂ ಯಾವ ದೊರೆಗಾದರೂ ತೋರಣ ಕಟ್ಟುವಾಗ, ತಡೆಗಟ್ಟೆಯ ಹಿಂದೆ ಮೌನವಾಗಿಯೋ ಕೂಗುತ್ತಲೋ ನಿಂತವರೂ ಆ ಊರಿನವರೇ ಎಂಬುದನ್ನು ಲಾಠಿ ಹಿಡಿದವನೂ, ಅವನಿಗೆ ಅಪ್ಪಣೆ ಕೊಡುವವನೂ, ಪಕ್ಕದಲ್ಲಿ ನಿಂತು ನೋಡುವ ನಾವೂ ಮರೆಯಬಾರದು.